ಹೊಟ್ಟೆಯೊಳಗಿನ ಬುಗುಡಿ

ನಾನು ಒಂದು ಹೊಟ್ಟೆ. ಮೋಟಾರು, ಗಾಲಿ, ಸೊಂಡಿಲು, ಉದ್ದನೆಯ ವೈರು ಎಲ್ಲ ಇವೆ, ಇಲ್ಲ ಎನ್ನುವುದಿಲ್ಲ. ಆದರೆ ಅವೆಲ್ಲ ಇರುವುದೇ ಹೊಟ್ಟೆ ತುಂಬಿಸುವುದಕ್ಕೆ. ಜನ ನನ್ನನ್ನು ವ್ಯಾಕ್ಯೂಮ್ ಕ್ಲೀನರ್ ಎನ್ನುತ್ತಾರೆ. ದ್ಯಾಮವ್ವ ಒಬ್ಬಳು ಮಾತ್ರ ‘ಹೊಟ್ಟೆಬಾಕ’ ಎನ್ನುತ್ತಿದ್ದಳು. ನನಗೆ ಆ ಹೆಸರೇ ಇಷ್ಟ.

ಹುಟ್ಟಿದ್ದು ಮುಂಬೈಯ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ತಗಡಿನ ಡಬ್ಬಿಯೊಂದನ್ನು ಅಡ್ಡ ಮಲಗಿಸಿ, ಹಿಂದಿನ ಅರ್ಧದಲ್ಲಿ ಮೋಟಾರು ಕೂರಿಸಿದರು. ಮುಂದಿನ ಅರ್ಧದಲ್ಲಿ ಬಟ್ಟೆಯ ಚೀಲ ಸಿಕ್ಕಿಸಿದರು. ಮೇಲೆ ಎಲೆಹಸಿರು ಬಣ್ಣ. ಮೋಟಾರು ತಿರುಗಿದರೆ ಮುಂದಿನ ಬಾಯಿಂದ ಗಾಳಿ ಒಳಗೆ ಬರುತ್ತದೆ, ಧೂಳು ಚೀಲದಲ್ಲಿ ಉಳಿಯುತ್ತದೆ, ಗಾಳಿ ಹಿಂದಿನ ಬಾಯಿಂದ ಹೊರಗೆ ಹೋಗುತ್ತದೆ. ನನ್ನ ವಿದ್ಯೆ ಅಷ್ಟೇ. ಎರಡು ಬಾಯಿ ಇದ್ದವರಿಂದ ಏನೇನು ಅನಾಹುತವಾಗುತ್ತದೆ ಎಂಬುದು ನನ್ನನ್ನು ಕೊಂಡವರಿಗೆ ಮೊದಲ ದಿನವೇ ಗೊತ್ತಾಯಿತು.

ಕೊಂಡವರು ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರ ಮ್ಯಾನೇಜರ್ ತೊರಗಲ್ ಸಾಹೇಬರು. ನನ್ನನ್ನು ತೋರಿಸಲೆಂದೇ ನೆಂಟರಿಷ್ಟರನ್ನೆಲ್ಲ ಕರೆದಿದ್ದರು. ಜಮಖಾನದ ಮೇಲೆ ಮೂವತ್ತು ಜೊತೆ ಕಾಲು. ಸಾಹೇಬರು ಗಂಟಲು ಸರಿಮಾಡಿಕೊಂಡು ಒಂದು ಭಾಷಣ ಮಾಡಿದರು. ಆಮೇಲೆ ಸೊಂಡಿಲನ್ನು ನನ್ನ ಹಿಂದಿನ ಬಾಯಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಆಹಾ! ಸಿಗರೇಟಿನ ಬೂದಿ, ಚಕ್ಕಲಿಯ ಪುಡಿ, ಊದುಬತ್ತಿಯ ಬೂದಿ ಎಲ್ಲ ಎದ್ದು ನೆಂಟರ ಬಿಳಿ ಧೋತರಗಳ ಮೇಲೆ ಕೂತವು.

“ಅಯ್ಯ, ಇದು ಕಸಾ ತಿನ್ನೂದಲ್ಲರೀ, ಉಗಳೂದು!” ಎಂದು ಸಾಹೇಬರ ಹೆಂಡತಿ ಸುಲೋಚನಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೆಲಸದವಳು, ಹತ್ತೊಂಬತ್ತರ ದ್ಯಾಮವ್ವ, ಯಾರನ್ನೂ ಕೇಳದೆ ಒಳಗೆ ಬಂದಳು. ಸೊಂಡಿಲನ್ನು ಹಿಂದಿನಿಂದ ಕಿತ್ತು ಮುಂದಿನ ಬಾಯಿಗೆ ಸಿಕ್ಕಿಸಿದಳು. “ಹಿಂದ್ಲಿಂದ ಉಣಿಸಿದ್ರ ಯಾರ್ ಉಣ್ತಾರ್ರಿ, ಸಾಹೇಬ್ರ?” ಎಂದಳು. ನಕ್ಕವರಲ್ಲಿ ಸಾಹೇಬರೇ ಮೊದಲಿಗರು. ಅಂದಿನಿಂದ ನನ್ನನ್ನು ನಡೆಸುವ ಅಧಿಕಾರ ಅವಳದಾಯಿತು.

ನಾನು ನೆಲದ ಮೇಲೆ ಬದುಕುವವನು, ಮುಖಗಳು ನನಗೆ ಅಷ್ಟಾಗಿ ನೆನಪಿರುವುದಿಲ್ಲ, ಕಾಲುಗಳು ನೆನಪಿರುತ್ತವೆ. ದ್ಯಾಮವ್ವನ ಎಡಪಾದದ ಮೇಲೆ ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟ ಒಂದು ಮೂರುಮೂಲೆಯ ಕಲೆ ಇತ್ತು. ಅದು ನನ್ನ ಮುಂದೆ ಮುಂದೆ ಹೋಗುತ್ತಿತ್ತು, ನಾನು ಹಿಂದೆ ಹಿಂದೆ ಉರುಳುತ್ತಿದ್ದೆ. ಆಯುಧ ಪೂಜೆಗೆ ಅವಳು ನನ್ನ ಬೆನ್ನಿಗೆ ಕುಂಕುಮ ಹಚ್ಚಿ, ಸೊಂಡಿಲಿಗೆ ಚೆಂಡುಹೂವಿನ ಸರ ಹಾಕುತ್ತಿದ್ದಳು. ಒಮ್ಮೆ ಮೆಟ್ಟಿಲ ಮೇಲಿಂದ ನನ್ನನ್ನು ಬೀಳಿಸಿ ಎಡಪಕ್ಕೆಗೆ ನೆಗ್ಗು ಮಾಡಿದಳು, ಅರ್ಧ ತಾಸು ಕ್ಷಮೆ ಕೇಳಿದಳು. ಯಂತ್ರದ ಕ್ಷಮೆ ಯಾರು ಕೇಳುತ್ತಾರೆ ಹೇಳಿ? ನನಗಂತೂ ಬಹಳ ಹೆಮ್ಮೆಯೆನಿಸಿತು.

ಮೂರನೆಯ ವರ್ಷ ಒಂದು ತಲೆಪಿನ್ನು ನುಂಗಿ ನನ್ನ ಚೀಲ ಹರಿಯಿತು. ದ್ಯಾಮವ್ವ ತನ್ನ ಹಳೆಯ ಖಣದ ಕುಪ್ಪಸದಿಂದ ಅಂಗೈಯಗಲ ಕತ್ತರಿಸಿ, ಚೀಲದ ಒಳಮೈಗೆ ತೇಪೆ ಹಾಕಲು ಕೂತಳು. ಮೂರು ಅಂಚು ಹೊಲಿದಾಗಿತ್ತು. ಅಷ್ಟರಲ್ಲಿ ಅರಿಸಿನ ಕುಂಕುಮಕ್ಕೆ ಹೆಂಗಸರು ಬಂದರು, ಒಳಗಿನಿಂದ ಚಹಾ ತರಲು ಕೂಗಾಯಿತು. “ನಾಲ್ಕನೇ ಅಂಚು ನಾಳಿ ಹೊಲಿತೀನಿ, ಹೊಟ್ಟೆಬಾಕ” ಎಂದು ದಾರ ಹಲ್ಲಿನಿಂದ ಕಡಿದು, ಚೀಲವನ್ನು ನನ್ನೊಳಗೆ ಸಿಕ್ಕಿಸಿ ಎದ್ದಳು.

ಆ ನಾಳೆ ಬರಲೇ ಇಲ್ಲ. ಹೆಂಗಸರು ಹೋದ ಮೇಲೆ ಅವಳು ಜಮಖಾನದ ಮೇಲೆ ನನ್ನನ್ನು ಎಳೆದಾಡಿದಳು. ದಿಂಬಿನ ಮಗ್ಗುಲಲ್ಲಿ ಸುಲೋಚನಾಬಾಯಿಯ ಒಂದು ಮುತ್ತಿನ ಬುಗುಡಿ, ಕಿವಿಯ ಮೇಲಂಚಿಗೆ ಹಾಕುವ ಆ ಪುಟ್ಟ ಆಭರಣ, ಕಳಚಿ ಬಿದ್ದಿತ್ತು. ಅವಳು ನೋಡಲಿಲ್ಲ. ನಾನು ನೋಡುವ ಜಾತಿಯವನೇ ಅಲ್ಲ, ನುಂಗುವವನು. ನುಂಗಿದೆ. ಅದು ಹೋಗಿ ಹೊಲಿಯದೆ ಬಿಟ್ಟ ಅಂಚಿನೊಳಗೆ ನುಸುಳಿತು. ಅದರ ತಿರುಪು ಖಣದ ದಾರಕ್ಕೆ ಸಿಕ್ಕಿ ಅಲ್ಲೇ ಕೂತಿತು.

ಸಂಜೆಯೊಳಗೆ ಮನೆಯೆಲ್ಲ ತಲೆಕೆಳಗಾಯಿತು. ನನ್ನ ಚೀಲವನ್ನೂ ಬಿಚ್ಚಿ ಪೇಪರಿನ ಮೇಲೆ ಕೊಡವಿದರು. ನಾಲ್ಕು ಜನ ಕೂತು ಧೂಳನ್ನು ಅಕ್ಕಿಯಂತೆ ಆರಿಸಿದರು. ಒಳಗಿನ ತೇಪೆಯ ಮೇಲೆ ಒಬ್ಬರಾದರೂ ಕೈಯಾಡಿಸಬಾರದೆ! ಸ್ವತಃ ದ್ಯಾಮವ್ವನಿಗೂ ಗಾಬರಿಯಲ್ಲಿ ಅದು ಹೊಳೆಯಲಿಲ್ಲ. ಸುಲೋಚನಾಬಾಯಿ ಕೂಗಾಡಲಿಲ್ಲ. ಸುದ್ದಿ ಕೇಳಿ ಬಂದು ಕೂತಿದ್ದ ನೆಂಟರ ಮುಂದೆ, “ನೀ ನಾಳಿಂದ ಬರಬ್ಯಾಡ” ಎಂದರು, ಅಷ್ಟೇ. ಅಷ್ಟು ಸಾಕಾಯಿತು. ದ್ಯಾಮವ್ವ ಬುಗುಡಿ ಕದ್ದಳಂತೆ ಎಂದು ಮರುದಿನ ಓಣಿಗೆಲ್ಲ ಗೊತ್ತಾಯಿತು. ನಾನು ಕೂಗಿ ಹೇಳಬೇಕೆಂದುಕೊಂಡೆ. ನನಗೆ ಬರುವುದು ಒಂದೇ ಶಬ್ದ, ಭರ್ರ್. ಅದನ್ನು ಯಾರು ಸಾಕ್ಷಿ ಎನ್ನುತ್ತಾರೆ? ಆ ಸುಟ್ಟ ಕಲೆಯ ಪಾದ ಹೊಸ್ತಿಲು ದಾಟಿದ್ದನ್ನು ನೋಡಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಅಂದಿನಿಂದ ನನಗೊಂದು ಕಾಯಿಲೆ ಅಂಟಿತು. ಸ್ವಿಚ್ ಹಾಕಿದರೆ ಚೀಲ ಉಬ್ಬಿ ಬಡಿದಾಡುವುದು, ಒಳಗಿನ ಬುಗುಡಿ ತಗಡಿಗೆ ತಾಗಿ ಟಕ್, ಟಕ್ ಎನ್ನುವುದು. ಸಾಹೇಬರು ಮೂರು ಸಲ ಮೆಕ್ಯಾನಿಕ್‌ನನ್ನು ಕರೆಸಿ ನನ್ನ ಮೋಟಾರು ಬಿಚ್ಚಿಸಿದರು. ತಲೆನೋವಿಗೆ ಮೊಣಕಾಲು ಕೊಯ್ದ ಹಾಗೆ!

ಗಿರಣಿ ಮುಚ್ಚಿತು, ಬಂಗಲೆಯ ಸಾಮಾನು ಹರಾಜಾಯಿತು. ನಾನು ಒಂದು ಟಾಕೀಸು ಸೇರಿದೆ. ಬಾಲ್ಕನಿಯ ಮೆತ್ತನೆ ಕುರ್ಚಿಗಳನ್ನು ಗುಡಿಸುವುದು ನನ್ನ ಕೆಲಸ. ಅಲ್ಲಿ ಇಪ್ಪತ್ತು ವರ್ಷ ಶೇಂಗಾ ಸಿಪ್ಪೆ, ಚುರುಮುರಿ, ಹರಿದ ಟಿಕೇಟು ತಿಂದೆ. ಊಟಕ್ಕೆ ಕೊರತೆ ಇರಲಿಲ್ಲ. ಮ್ಯಾನೇಜರ್ ರುದ್ರಗೌಡರಿಗೂ ನನ್ನ ಟಕ್ ಟಕ್ ಸಹಿಸಲಾಗಲಿಲ್ಲ. ಅವರೂ ಎರಡು ಸಲ ಮೋಟಾರನ್ನೇ ಬಿಚ್ಚಿಸಿದರು. ಟಾಕೀಸೂ ಮುಚ್ಚಿತು. ಗುಜರಿ ಅಂಗಡಿಯ ಹಿತ್ತಲಲ್ಲಿ ತುಕ್ಕು ಹಿಡಿದ ಸೈಕಲ್ಲುಗಳ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದ ಮೇಲೆ ಇನಾಮತಿ ಸರ್ ಬಂದು ನನ್ನನ್ನು ಎತ್ತಿಕೊಂಡರು.

ಇನಾಮತಿ ಸರ್ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹಳೆಯ ಹತ್ತಿ ಜಿನ್ನಿಂಗ್ ಗೋದಾಮೊಂದನ್ನು ಬಾಡಿಗೆ ಹಿಡಿದು ವ್ಯಾಕ್ಯೂಮ್ ಕ್ಲೀನರುಗಳ ಮ್ಯೂಸಿಯಂ ಮಾಡಿದ್ದರು. ನಾವು ಒಟ್ಟು ನಲವತ್ತಮೂರು ಹೊಟ್ಟೆಗಳು. ನನ್ನ ಬಲಕ್ಕೆ ಕೈಯಿಂದ ಪಂಪು ಹೊಡೆಯುವ ಮರದ ಅಜ್ಜ. ಎಡಕ್ಕೆ ಜರ್ಮನಿಯವನೊಬ್ಬ, ಕ್ರೋಮಿಯಂ ಮೈ, ಬಲು ಜಂಬ. ಸರ್ ಅವರದು ಒಂದು ಕಟ್ಟಾಜ್ಞೆ: ಯಾರ ಚೀಲವನ್ನೂ ಬಿಚ್ಚಬಾರದು. ಯಂತ್ರ ಕೊನೆಯದಾಗಿ ತಿಂದ ಧೂಳು ‘ಮೂಲ ಧೂಳು’, ಅದು ಇತಿಹಾಸ. ಧೂಳು ಖಾಲಿಯಾದ ಯಂತ್ರಕ್ಕೆ ಸಂಗ್ರಾಹಕರ ನಡುವೆ ಮರ್ಯಾದೆ ಅರ್ಧ. ಪ್ರತಿಯೊಬ್ಬರ ಮುಂದೆ ಒಂದು ಚೀಟಿಯಿತ್ತು. ನನ್ನ ಚೀಟಿಯಲ್ಲಿ “ಡಬ್ಬಿ ಮಾದರಿ, ಮುಂಬೈ. ಬೇರಿಂಗ್ ದೋಷ” ಎಂದು ಬರೆದಿತ್ತು. ಬೇರಿಂಗ್ ದೋಷ! ನನಗೆ! ಮಾಡದ ತಪ್ಪು ಹೊರುವುದು ಹೇಗಿರುತ್ತದೆ ಎಂದು ಆಗ ನನಗೂ ತಿಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಗದಗಿನ ಮೌಲಾಲಿ ನದಾಫ ಬಂದರು. ಗಾದಿ ಹೊಲಿಯುವುದು ಅವರ ವೃತ್ತಿ. ಹತ್ತಿಯ ಜುಂಗು ಹೀರಲೆಂದು ಒಂದು ಕ್ಲೀನರ್ ತಂದವರು, ಈಗ ಹನ್ನೊಂದು ಕೂಡಿಹಾಕಿ ಮನೆಯವರ ಬೈಗುಳ ತಿನ್ನುತ್ತಿದ್ದರು. ಅವರ ಜೊತೆ ಇನ್ನೊಬ್ಬ ಸಂಗ್ರಾಹಕಿ ಬಂದಿದ್ದರು.

“ಸರ್, ಈ ಅಕ್ಕಾರದು ಮೋಟಾರ್ ವೈಂಡಿಂಗ್ ಅಂಗಡಿ. ಇವ್ರ ಹತ್ರ ಒಂಬತ್ತು ಮಷೀನ್ ಅದಾವ. ನನಗಿಂತ ದೊಡ್ಡ ಹುಚ್ಚು ನೋಡ್ರಿ!” ಎಂದರು ನದಾಫ.

ಆ ಹೆಂಗಸು ಒಂದೊಂದೇ ಯಂತ್ರದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತ ಬಂದಳು: “ಇದರ ಚೀಲ ಬಿಚ್ಚಿ ನೋಡಿದ್ದೀರೇನ್ರಿ?”

“ಬಿಚ್ಚೂದs? ಅದು ಇತಿಹಾಸ ರೀ, ಬಾಯಾರ!” ಎಂದು ಸರ್ ಎದೆ ಹಿಡಿದುಕೊಂಡರು.

ಅವಳು ನನ್ನ ಮುಂದೆ ನಿಂತಳು. ನಾನು ಕೆಳಗೆ ನೋಡಿದೆ. ಎಡಪಾದದ ಮೇಲೆ ಮೂರುಮೂಲೆಯ ಸುಟ್ಟ ಕಲೆ. ಅಯ್ಯೋ ದೇವರೇ, ಐವತ್ತು ವರ್ಷ! ಆ ಕ್ಷಣ ಕರೆಂಟಿಲ್ಲದೆಯೂ ನಾನು ತಿರುಗಿಬಿಡುತ್ತಿದ್ದೆನೋ ಏನೋ.

ಸರ್ ಸ್ವಿಚ್ ಹಾಕಿದರು. ಭರ್ರ್. ಟಕ್, ಟಕ್. “ಬೇರಿಂಗ್ ಹೋಗ್ಯದ” ಎಂದರು.

ಅವಳು ಅಂಗೈಯನ್ನು ನನ್ನ ಹಿಂಭಾಗದ ಮೇಲಿಟ್ಟಳು, ಆಮೇಲೆ ಮುಂಭಾಗದ ಮೇಲಿಟ್ಟಳು. “ಇಲ್ರಿ ಸರ್. ಬೇರಿಂಗ್ ಹೋದ್ರ ಕರ್ರ್ ಅಂತೈತಿ. ಇದು ಟಕ್ ಅನ್ನಾಕತ್ತೈತಿ. ಸದ್ದು ಮೋಟಾರ್‌ದಾಗ ಇಲ್ಲ, ಹೊಟ್ಟ್ಯಾಗ ಐತಿ.” ಅವಳ ಕೈ ನನ್ನ ಎಡಪಕ್ಕೆಯ ನೆಗ್ಗಿಗೆ ಬಂದು ನಿಂತಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಹೊಟ್ಟೆಬಾಕ?” ಎಂದಳು.

ನಂತರ ಎಲ್ಲ ಹೇಳಿದಳು. ಬಂಗಲೆ ಬಿಟ್ಟ ಮೇಲೆ ವೈಂಡಿಂಗ್ ಅಂಗಡಿಯವನನ್ನು ಮದುವೆಯಾಗಿದ್ದು, ಅವನಿಂದ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತದ್ದು. ಆ ಹೊಲಿಯದ ಅಂಚು ತಡವಾಗಿ ನೆನಪಾದದ್ದು. ಹಳೆಯ ಕ್ಲೀನರ್ ಎಲ್ಲಿ ಸಿಕ್ಕರೂ ತಂದು, ತನ್ನ ಖಣದ ತೇಪೆ ಇದೆಯೇ ಎಂದು ಮೊದಲು ಚೀಲ ಬಿಚ್ಚುತ್ತಿದ್ದದ್ದು. ನದಾಫರು ಬಾಯಿ ತೆರೆದು ಕೇಳುತ್ತಿದ್ದರು, ಅವರಿಗೂ ಇದು ಗೊತ್ತಿರಲಿಲ್ಲ.

“ಮಂದಿ ಅಂದದ್ದು ಬಿಡ್ರಿ. ನಾನs ಒಮ್ಮೊಮ್ಮೆ ನನ್ನ ಕೈ ನೋಡ್ಕೊಂತಿದ್ದೆ, ಖರೇನ ತೊಗೊಂಡಿದ್ದೆನೇನೋ ಅಂತ” ಎಂದಳು. “ಇದೊಂದು ಚೀಲ ಬಿಚ್ಚಾಕ ಬಿಡ್ರಿ, ಸರ್.”

ಇನಾಮತಿ ಸರ್ ತಮ್ಮ ಕಟ್ಟಾಜ್ಞೆಯ ಬೋರ್ಡು ನೋಡಿದರು, ಅವಳ ಮುಖ ನೋಡಿದರು, ಮತ್ತೆ ಬೋರ್ಡು ನೋಡಿದರು.

“ಧೂಳು ಒಂದು ಬಾಟ್ಲಿಗೆ ತುಂಬಿ ಇಡೂಣು ಸರ್” ಎಂದರು ನದಾಫ. “ಇತಿಹಾಸ ಎಲ್ಲಿಗೂ ಓಡಿ ಹೋಗೂದಿಲ್ಲ.”

ಸರ್ ಸ್ಕ್ರೂಡ್ರೈವರ್ ತಂದುಕೊಟ್ಟರು. ದ್ಯಾಮವ್ವ ಚೀಲ ಹೊರಗೆಳೆದು ಒಳಹೊರಗು ಮಾಡಿದಳು. ಶೇಂಗಾ ಸಿಪ್ಪೆ ಉದುರಿದವು, ಬಾಲ್ಕನಿ ಟಿಕೇಟೊಂದು ಬಿತ್ತು. ಖಣದ ತೇಪೆ ಬಣ್ಣಗೆಟ್ಟು ಅಲ್ಲೇ ಇತ್ತು. ಅವಳ ಬೆರಳು ಒಂದು ಅಂಚು ಮುಟ್ಟಿತು, ಎರಡು, ಮೂರು. ನಾಲ್ಕನೆಯದರ ಒಳಗೆ ಹೋಗಿ ಬುಗುಡಿಯನ್ನು ಹಿಡಿದುಕೊಂಡು ಹೊರಗೆ ಬಂತು.

ನದಾಫರು ಟೊಪ್ಪಿಗೆ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡರು. ದ್ಯಾಮವ್ವ ಅಳಲಿಲ್ಲ. ಜೋರಾಗಿ ನಕ್ಕು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. “ಏ ಮೂಳ! ಇಷ್ಟ್ ವರ್ಷ ಹೊಟ್ಟ್ಯಾಗ ಇಟ್ಕೊಂಡ್ ಕುಂತಿದ್ದ್ಯಾ?” ಅಂಥ ಸುಖದ ಗುದ್ದು ನಾನು ಬೇರೆ ತಿಂದಿಲ್ಲ.

ಸುಲೋಚನಾಬಾಯಿ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದುದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಆ ಓಣಿಯನ್ನು ತಪ್ಪಿಸಿ ನಡೆದಿದ್ದಳು. “ನಾ ಹೋಗೂದಿಲ್ಲ. ಅವ್ರ ಇಲ್ಲಿಗೆ ಬರ್ಲಿ” ಎಂದಳು. ನದಾಫರು ತಾವೇ ಹೋಗಿ ಹೇಳಿಬಂದರು.

ಮುಂದಿನ ಭಾನುವಾರ ಒಂದು ಕೋಲು ಮತ್ತು ಎರಡು ನಡುಗುವ ಪಾದಗಳು ನನ್ನ ಮುಂದೆ ಬಂದು ನಿಂತವು. ಸರ್ ಹೊಸ ಚೀಟಿ ಬರೆದಿದ್ದರು. ಸುಲೋಚನಾಬಾಯಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಡಬ್ಬಿ ಮಾದರಿ, ಮುಂಬೈ. ಬೇರಿಂಗ್ ಸರಿಯಾಗಿದೆ. ನಡೆಸಿದವರು ದ್ಯಾಮವ್ವ. ಬುಗುಡಿ ನುಂಗಿದ್ದು ಯಂತ್ರ.”

“ಇನ್ನೊಂದು ಸಾಲು ಬರೀರಿ, ಸರ್” ಎಂದರು ಅವರು. “ಅಪವಾದ ಹೊರಿಸಿದವರು ಸುಲೋಚನಾ ತೊರಗಲ್. ದಪ್ಪ ಅಕ್ಷರದಾಗ ಬರೀರಿ.” ಆಮೇಲೆ ಅವಳ ಕಡೆ ತಿರುಗಿದರು. “ದ್ಯಾಮವ್ವ, ನೀ ತೊಗೊಂಡಿಲ್ಲಂತ ನನಗ ಮರುದಿನನs ಅನಿಸಿತ್ತು. ಮಂದಿ ಮುಂದ ಆಡಿದ ಮಾತು ತಿರುಗಿ ತೊಗೊಳ್ಳೋ ಧೈರ್ಯ ಬರಲಿಲ್ಲ. ತಪ್ಪಾತವಾ. ಈ ಬುಗುಡಿ ನೀನs ಇಟ್ಕೋ.”

“ಬ್ಯಾಡ್ರಿ” ಎಂದಳು ದ್ಯಾಮವ್ವ. “ನಾ ಅವತ್ತೂ ತೊಗೊಂಡಿಲ್ಲ, ಇವತ್ತೂ ತೊಗೊಳ್ಳೂದಿಲ್ಲ.” ಹಾಗೆಂದು ಮುದುಕಿಯ ಕಿವಿಗೆ ತಾನೇ ಅದನ್ನು ತೊಡಿಸಿ, ತಿರುಪು ಬಿಗಿ ಮಾಡಿದಳು. ಇಬ್ಬರೂ ಆಗ ಅತ್ತರು. ಸರ್ ಎಲ್ಲರಿಗೂ ಚಹಾ ತರಿಸಿದರು.

ಈಗ ನನಗೆ ವಯಸ್ಸಾಯಿತು, ಬಣ್ಣ ಉದುರುತ್ತಿದೆ. ನನ್ನ ಮೂಲ ಧೂಳು ಪಕ್ಕದಲ್ಲೇ ಬಾಟಲಿಯಲ್ಲಿದೆ. ನೋಡಲು ಬಂದವರೆಲ್ಲ ಜರ್ಮನಿಯವನನ್ನು ದಾಟಿ ನನ್ನ ಚೀಟಿ ಓದುತ್ತಾರೆ. ಅವನಿಗೆ ಅದೊಂದು ಸಂಕಟ. ಸ್ವಿಚ್ ಹಾಕಿದರೆ ಟಕ್ ಎನ್ನುವುದಿಲ್ಲ, ಬರೀ ಭರ್ರ್. ಆ ದಿನ ಚಹಾ ಕುಡಿದ ಮೇಲೆ ದ್ಯಾಮವ್ವ ಕನ್ನಡಕ ಹಾಕಿಕೊಂಡು, ನದಾಫರ ಗಾದಿಸೂಜಿ ಇಸಿದುಕೊಂಡು, ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. “ನಾಳಿ ಅಂದಿದ್ದೆ, ತಡಾ ಆತು ನೋಡೋ” ಎನ್ನುತ್ತ ನಾಲ್ಕನೆಯ ಅಂಚನ್ನು ಹೊಲಿದು ಮುಗಿಸಿದಳು.