ಸಂದಿ ಮುಚ್ಚಿದ ಸೀಟು

ಮದುವೆ ನಿಶ್ಚಯವಾದ ದಿನ ಅವನು ಅವಳಿಗೆ ಒಂದು ಮಾತು ಕೊಟ್ಟಿದ್ದ. ಒಡವೆ ಮಾಡಿಸುತ್ತೇನೆ, ಊರು ತೋರಿಸುತ್ತೇನೆ ಎನ್ನುವಂಥ ಮಾತಲ್ಲ. ಅವಳೇ ಕೇಳಿ ಪಡೆದ ಮಾತು. ಅವಳ ಚಿಕ್ಕಮ್ಮನ ಮಗ ಕೈಗೂಸಾಗಿದ್ದಾಗ ಕಾರಿನಲ್ಲಿ ತಾಯಿಯ ತೊಡೆಯ ಮೇಲೆ ಕೂತಿದ್ದ. ಗಾಡಿಗೆ ಗಕ್ಕನೆ ಬ್ರೇಕು ಬಿತ್ತು. ಎರಡೂ ಕೈಯಲ್ಲಿ ಅವುಚಿಕೊಂಡಿದ್ದ ತಾಯಿಯ ಹಿಡಿತದಿಂದ ಕೂಸು ಹಾರಿಹೋಗಿ ಮುಂದಿನ ಗಾಜಿಗೆ ಬಡಿಯಿತು. ಅವನೀಗ ದೊಡ್ಡವನಾಗಿದ್ದಾನೆ. ಒಂದು ಕಿವಿ ಇವತ್ತಿಗೂ ಕೇಳುವುದಿಲ್ಲ.

"ನಮಗೆ ಮಗು ಆದ್ರೆ ಗಾಡಿಯಲ್ಲಿ ಯಾರ ತೊಡೆ ಮೇಲೂ ಕೂರಿಸಬಾರದು. ಮಕ್ಕಳ ಸೀಟು ತಂದು ಅಲುಗದ ಹಾಗೆ ಕೂರಿಸಬೇಕು. ಆಗುತ್ತಾ?" ಎಂದು ಅವಳು ಕೇಳಿದ್ದಳು.

"ಸೀಟಿನ ಕೆಲಸದವನನ್ನೇ ಸೀಟಿನ ಬಗ್ಗೆ ಕೇಳ್ತೀಯಲ್ಲ! ಅಲುಗದ ಹಾಗೆ ಕೂರಿಸ್ತೀನಿ. ಮಾತು ಕೊಟ್ಟೆ, ಸರಿನಾ?" ಎಂದು ಅವನು ನಕ್ಕಿದ್ದ.

ಅವನದು ಕಾರುಗಳಿಗೆ ಸೀಟ್ ಕವರು ಹೊಲಿಯುವ ಕಸುಬು. ಮನೆಯ ಮುಂದಿನ ಶೆಡ್ಡೇ ಅಂಗಡಿ. ಒಳಗೆ ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಎಲ್ಲಿ ಕಾಲಿಟ್ಟರೂ ಫೋಮಿನ ಚೂರು. ಬೀದಿಯವರು ಅವನನ್ನು ಕರೆಯುತ್ತಿದ್ದುದೇ 'ಕುಶನ್' ಎಂದು. ಕುಶನ್ ಹೆಸರು ಮಾಡಿದ್ದು ಒಂದು ವಿಶೇಷಕ್ಕೆ. ಕಾರಿನ ಹಿಂದಿನ ಸೀಟಿನಲ್ಲಿ ಬೆನ್ನೊರಗುವ ಭಾಗಕ್ಕೂ ಕೂರುವ ಭಾಗಕ್ಕೂ ನಡುವೆ ಒಂದು ಸಂದಿ ಇರುತ್ತದಲ್ಲ, ಬಿಸ್ಕತ್ತಿನ ಚೂರು, ಪೆನ್ನು, ಚಿಲ್ಲರೆ ಎಲ್ಲವನ್ನೂ ನುಂಗುವ ಆ ಸಂದಿ, ಅದನ್ನು ಪೂರ್ತಿ ಮುಚ್ಚಿ ಒಂದೇ ಹಾಳೆಯಾಗಿ ಕವರು ಹೊಲಿಯುತ್ತಿದ್ದ. ಬೆಲ್ಟು ಸಿಕ್ಕಿಸುವ ಬಕಲ್‌ಗೆ ಮಾತ್ರ ಪುಟ್ಟ ಬಾಯಿ. ಗಿರಾಕಿಗಳು ಕೈಯಾಡಿಸಿ, "ನೀರು ಹಾಕಿದ್ರೂ ಒಳಗೆ ಹೋಗಲ್ಲ ಕಣ್ರೀ" ಎಂದು ಹೊಗಳಿ ಹೋಗುತ್ತಿದ್ದರು. ಸ್ವಂತ ಕಾರಿಗೂ ಅಂಥದೇ ಕವರು.

ಹೆಣ್ಣು ಮಗು ಹುಟ್ಟಿತು. ಹೇಳಿದಂತೆ ಅವನು ಮಕ್ಕಳ ಸೀಟು ತಂದ. ಮಗುವಿಗೆ ಕುಲುಕಾಟ ತಗುಲಬಾರದೆಂದು ಅದರ ಕೆಳಗೆ ಮೆತ್ತನೆಯ ಫೋಮ್ ಹಾಸಿದ. ಭುಜದ ಪಟ್ಟಿಗಳಿಗೂ ದಪ್ಪ ಮೆತ್ತೆ ಹೊಲಿದ. ಕಾರಿನ ಬೆಲ್ಟನ್ನು ಸುತ್ತಿ ಬಿಗಿದ. ಸೀಟಿನ ಬುಡದಲ್ಲಿ ಎರಡು ಕೊಕ್ಕೆಗಳಿದ್ದವು. "ಇವು ಬೇರೆ ಗಾಡಿಗೆ ಇರಬೇಕು" ಎಂದು ಒಳಗೆ ಮಡಚಿಟ್ಟ. ಸೀಟಿನ ಜೊತೆ ಬಂದ ಮ್ಯಾನುಯಲ್ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬರಲಿಲ್ಲ.

ಹೊರಗೆ ಹೋದಾಗಲೆಲ್ಲ ಅವಳು ಹಿಂದೆ ಮಗುವಿನ ಪಕ್ಕದಲ್ಲೇ ಕೂರುತ್ತಿದ್ದಳು. ತೋಳು ತಾನಾಗಿಯೇ ಸೀಟಿನ ಮೇಲೆ ಹೋಗುತ್ತಿತ್ತು. ಆ ಸೀಟನ್ನು ಇಷ್ಟು ದಿನ ಹಿಡಿದಿದ್ದದ್ದು ಬೆಲ್ಟಲ್ಲ, ತನ್ನ ತೋಳು ಎಂದು ಅವಳಿಗೆ ಗೊತ್ತಾಗಲು ಏಳು ತಿಂಗಳು ಬೇಕಾಯಿತು.

ಸೋಮವಾರದಿಂದ ಅವಳು ಬೇಕರಿ ಕೆಲಸಕ್ಕೆ ಮರಳಬೇಕಿತ್ತು. ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ನಿಲ್ಲುವ ಪಾಳಿ. ಮಂಡಿನೋವಿನ ಅತ್ತೆಗೆ ದಿನವಿಡೀ ಕೂಸನ್ನು ನೋಡಿಕೊಳ್ಳಲಾಗದು; ಮಗುವನ್ನು ಡೇ ಕೇರಿಗೆ ಬಿಡುವುದು ಗಂಡನ ಪಾಲಿಗೆ. ಅಂದರೆ ದಿನಾ ಹಿಂದೆ ಮಗು ಒಂದೇ, ಮುಂದೆ ಅವನೊಬ್ಬನೇ.

ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಪೇಟೆಯಿಂದ ಬರುವಾಗ ಅವನು ಹೊಸ ರೆಕ್ಸಿನ್ ಸುರುಳಿಯೊಂದನ್ನು ಹಿಂದಿನ ಸೀಟಿಗೆ ತುರುಕಿದ. ಜಾಗವಿಲ್ಲದೆ ಅವಳು ಮೊದಲ ಸಲ ಮುಂದೆ ಕೂತಳು. ಮನೆಯ ಪಕ್ಕದ ಬೀದಿಯ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಅವನು ಸ್ಟಿಯರಿಂಗ್ ಎಳೆದ. ಅಷ್ಟೇ. ಯಾರಿಗೂ ಡಿಕ್ಕಿಯಾಗಲಿಲ್ಲ, ಯಾರೂ ಬೈಯಲಿಲ್ಲ. ಆದರೆ ಹಿಂದಿನಿಂದ ಧೊಪ್ಪೆಂದು ಸದ್ದಾಯಿತು. ಅವಳು ತಿರುಗಿ ನೋಡಿದಳು. ಮಕ್ಕಳ ಸೀಟು ಪಕ್ಕಕ್ಕೆ ಮಗುಚಿ ಬಿದ್ದಿತ್ತು. ಮಗುವಿನ ಮುಖ ರೆಕ್ಸಿನ್ ಸುರುಳಿಗೆ ಒತ್ತಿಕೊಂಡಿತ್ತು. ಅಳು ಕೇಳಿಸಲಿಲ್ಲ.

ಅವಳು ಓಡುತ್ತಿದ್ದ ಗಾಡಿಯ ಬಾಗಿಲಿಗೆ ಕೈ ಹಾಕಿದಳು. ಅವನು ನಿಲ್ಲಿಸಿದ. ಹಿಂದೆ ಹೋಗಿ ಎತ್ತಿದ ಮೇಲೆ ಮಗು ಉಸಿರೆಳೆದು, ಇಡೀ ಬೀದಿ ತಿರುಗಿ ನೋಡುವಂತೆ ಚೀರಿತು. ಕೆನ್ನೆ ಕೆಂಪಾಗಿತ್ತು. ಬೇರೆ ಏನೂ ಆಗಿರಲಿಲ್ಲ.

ಮನೆ ಮುಟ್ಟಿದರು. ಮಗುವನ್ನು ಅತ್ತೆಯ ಕೈಗೆ ಕೊಟ್ಟವಳೇ ಅಂಗಳಕ್ಕೆ ಬಂದಳು.

"ಕಾರಿನ ಕೀ ಕೊಡಿ."

"ಯಾಕೆ?"

"ಕೊಡಿ ಅಂದೆ. ಈ ಗಾಡಿಯಲ್ಲಿ ಇನ್ನು ನನ್ನ ಮಗು ಕೂರಲ್ಲ."

"ಏನೂ ಆಗಿಲ್ವಲ್ಲೇ. ಸ್ವಲ್ಪ ವಾಲಿದೆ, ಅಷ್ಟೇ. ಕೆಳಗೆ ಇನ್ನೊಂದು ಫೋಮ್ ಕೊಟ್ರೆ ಸರಿಹೋಗುತ್ತೆ."

"ಇನ್ನೊಂದು ಫೋಮ್! ಹಾಸಿಗೆ ಮಾರೋಕೆ ಬಂದಿದ್ದೀರಾ? ಅಲುಗದ ಹಾಗೆ ಕೂರಿಸ್ತೀನಿ ಅಂತ ನನಗೆ ಮಾತು ಕೊಟ್ಟೋರು ಯಾರು?"

"ಕೊಟ್ಟ ಮಾತಿನ ಹಾಗೇ ನಡ್ಕೊಂಡಿದ್ದೀನಿ. ಸೀಟು ತಂದಿಲ್ವಾ? ಬೆಲ್ಟು ಹಾಕಿಲ್ವಾ?"

ಅತ್ತೆ ಮಗುವಿನ ಬೆನ್ನು ತಟ್ಟುತ್ತಾ ಹೊಸಿಲಿಗೆ ಬಂದರು. "ಅಯ್ಯೋ, ಈ ಸೀಟಿನ ರಗಳೆಯೇ ಬೇಡ. ನಾನು ಜೊತೆಗೆ ಹೋಗ್ತೀನಿ, ತೊಡೆ ಮೇಲೆ ಇಟ್ಕೋತೀನಿ. ಇವನನ್ನ ಹಾಗೇ ಬೆಳೆಸಿದ್ದು. ಏನಾಗಿದೆ ಇವನಿಗೆ?"

"ಏನಾಗಿದೆ ಅಂತ ಈಗ ನೋಡ್ತಾ ಇದ್ದೀನಲ್ಲ ಅತ್ತೆ" ಎಂದಳು ಸೊಸೆ.

ಅವಳು ತಂಗಿಗೆ ಫೋನು ಮಾಡಿದಳು. ತಂಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ಎರಡು ಬೀದಿ ಆಚೆ ಮನೆ. ಮಾತು ಪೂರ್ತಿ ಕೇಳಿಸಿಕೊಳ್ಳದೆ ಚಪ್ಪಲಿ ಮೆಟ್ಟಿ ಬಂದಳು. ಮೊದಲು ಮಗುವಿನ ಕತ್ತು, ಕೈಕಾಲು ಮುಟ್ಟಿ ನೋಡಿ, ಕಣ್ಣಿಗೆ ಬೆಳಕು ಹಾಯಿಸಿ, "ಚೆನ್ನಾಗಿದ್ದಾಳೆ. ವಾಂತಿ ಮಾಡಿದ್ರೆ, ಹೊತ್ತಲ್ಲದ ಹೊತ್ತಲ್ಲಿ ಮಂಕಾಗಿ ನಿದ್ದೆಗೆ ಜಾರಿದ್ರೆ ತಕ್ಷಣ ಆಸ್ಪತ್ರೆಗೆ" ಎಂದಳು. ಆಮೇಲೆ ಕಾರಿನ ಬಾಗಿಲು ತೆಗೆದು, ಮಕ್ಕಳ ಸೀಟಿನ ಬುಡವನ್ನು, ಬೆಲ್ಟು ಹಾಯುವ ಜಾಗದಲ್ಲಿ, ಒಂದೇ ಕೈಯಲ್ಲಿ ಹಿಡಿದು ಎಳೆದಳು. ಅದು ಮೇಜಿನ ಖಾನೆಯಂತೆ ಸರಕ್ಕನೆ ಜಾರಿ ಬಂತು.

"ಭಾವ, ಇದೇನಿದು? ತೊಟ್ಟಿಲಾ?"

"ಬೆಲ್ಟು ಹಾಕಿದ್ದೀನಲ್ಲ ಮಾರಾಯ್ತಿ."

"ಬೆಲ್ಟಿದೆ. ಬಿಗಿ ಎಲ್ಲಿದೆ? ಅಡಿಯಲ್ಲಿ ಫೋಮು, ಅದರ ಅಡಿಯಲ್ಲಿ ಜಾರೋ ರೆಕ್ಸಿನ್. ಬ್ರೇಕು ಹಾಕಿದ ತಕ್ಷಣ ಫೋಮು ಅದುಮಿಕೊಳ್ಳುತ್ತೆ, ಬೆಲ್ಟು ಸಡಿಲ ಆಗುತ್ತೆ, ಮಗು ಸೀಟಿನ ಸಮೇತ ಹೊರಡುತ್ತೆ. ಸರಿಯಾಗಿ ಕೂರಿಸಿದ ಸೀಟು ಹೀಗೆ ಬುಡ ಹಿಡಿದು ಎಳೆದ್ರೆ ಅತ್ತಿತ್ತ ಒಂದು ಅಂಗುಲ ಕೂಡ ಸರಿಯಬಾರದು. ಒಂದು ಅಂಗುಲ! ನಿಮ್ಮದು ಒಂದು ಗೇಣು ಓಡಾಡ್ತಿದೆ."

"ಅದಕ್ಕೇ ತೊಡೆ ವಾಸಿ ಅಂದಿದ್ದು" ಎಂದರು ಅತ್ತೆ.

ತಂಗಿ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. "ಅಮ್ಮಾ, ನಿಮ್ಮ ಕೈಲಿ ತುಂಬಿದ ಗ್ಯಾಸ್ ಸಿಲಿಂಡರ್ ಎತ್ತೋಕಾಗುತ್ತಾ?"

"ನನ್ನ ಮಂಡಿ ಕೇಳು ಮೊದಲು!"

"ಗಾಡಿ ವೇಗದಲ್ಲಿದ್ದು ಡಿಕ್ಕಿ ಹೊಡೆದ್ರೆ, ಆ ಕ್ಷಣಕ್ಕೆ ಈ ಪುಟ್ಟ ಕೂಸು ಸಿಲಿಂಡರಿಗಿಂತ ಭಾರ ಎಳೆಯುತ್ತೆ. ಪೈಲ್ವಾನ್ ಹಿಡ್ಕೊಂಡಿದ್ರೂ ಕೈ ಬಿಡುತ್ತೆ. ನಮ್ಮ ವಾರ್ಡಿಗೆ ಬರೋ ತಾಯಂದಿರೆಲ್ಲ ಹೇಳೋದು ಒಂದೇ ಮಾತು, 'ಗಟ್ಟಿಯಾಗೇ ಹಿಡ್ಕೊಂಡಿದ್ದೆ ಸಿಸ್ಟರ್.' ನನಗೆ ಕೇಳಿ ಕೇಳಿ ಹೊಟ್ಟೆ ಉರಿಯುತ್ತೆ. ಅವರು ಸುಳ್ಳು ಹೇಳಲ್ಲ. ಗಟ್ಟಿಯಾಗೇ ಹಿಡ್ಕೊಂಡಿರ್ತಾರೆ."

ಅತ್ತೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.

ಅಕ್ಕ ಮ್ಯಾನುಯಲ್‌ನ ಚೀಲ ಹರಿದಳು. ಚಿತ್ರ ನೋಡುತ್ತಾ ಹೋದವಳು ಒಂದು ಕಡೆ ನಿಂತಳು. ಮಡಚಿಟ್ಟಿದ್ದ ಆ ಎರಡು ಕೊಕ್ಕೆಗಳು ಚಿತ್ರದಲ್ಲಿ ಕಾರಿನ ಸೀಟಿನ ಸಂದಿಯೊಳಗಿನ ಎರಡು ಉಕ್ಕಿನ ಕಂಬಿಗಳನ್ನು ಕಚ್ಚಿಕೊಂಡಿದ್ದವು.

"ಐಸೋಫಿಕ್ಸ್ ಅಂದ್ರೆ ಇದೇ. ಈಚಿನ ಬಹಳಷ್ಟು ಗಾಡಿಗಳಲ್ಲಿ ಇರುತ್ತೆ. ನಿಮ್ಮದರಲ್ಲಿ ಇಲ್ವಾ?" ಎಂದಳು ತಂಗಿ.

ಅಕ್ಕ ಸಂದಿ ಇರಬೇಕಾದ ಜಾಗದಲ್ಲಿ ಬೆರಳು ಒತ್ತಿದಳು. ನುಣುಪಾದ ರೆಕ್ಸಿನ್ ಅಡಿ ಏನೋ ಗಟ್ಟಿಯಾಗಿ ಸಿಕ್ಕಿತು. ಒಂದು ಗೇಣಿನಷ್ಟು ಆಚೆ ಇನ್ನೊಂದು. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು.

"ಇಲ್ಲಿ ಏನಿದೆ?"

ಕುಶನ್ ಕಾಲು ಬದಲಿಸಿದ. "ಎರಡು ಕಂಬಿ ಇವೆ. ಹಳೇ ಕವರು ಬಿಚ್ಚಿದಾಗ ನೋಡಿದ್ದೆ."

"ನೋಡಿದ್ರಿ. ನೋಡಿ?"

"ಏನಕ್ಕೆ ಅಂತ ಗೊತ್ತಿರಲಿಲ್ಲ. ಚೆನ್ನಾಗಿ ಕಾಣಲ್ಲ ಅಂತ... ಮುಚ್ಚಿದೆ."

"ಚೆನ್ನಾಗಿ ಕಾಣಲ್ಲ ಅಂತ!" ಅವಳ ದನಿ ಬೀದಿಗೆ ಕೇಳಿಸಿತು. ಕೇಳಿಸಲಿ ಎಂದೇ ಕೂಗಿದಳು. "ಗಾಡಿ ಮಾಡಿದೋರು ಮಕ್ಕಳ ಜೀವ ಉಳೀಲಿ ಅಂತ ಕಬ್ಬಿಣ ಬೆಸೆದು ಕಳಿಸಿದ್ದಾರೆ. ನೀವು ಅದರ ಬಾಯಿ ಹೊಲಿದು, ಅದರ ಮೇಲೆ ಮೆತ್ತೆ ಹಾಕಿ, ಅದರ ಮೇಲೆ ನನ್ನ ಮಗು ಕೂರಿಸಿ, 'ಮಾತಿನ ಹಾಗೆ ನಡ್ಕೊಂಡಿದ್ದೀನಿ' ಅಂತೀರಾ? ಕೇಳೋಕೆ ಬಾಯಿರಲಿಲ್ವಾ? ಓದೋಕೆ ಕಣ್ಣಿರಲಿಲ್ವಾ? ನಾಳೆ ಬೆಳಗ್ಗೆ ನನ್ನ ತೋಳೂ ಇರ್ತಿರಲಿಲ್ಲ ಅಲ್ಲಿ!"

ಅವನು ಶೆಡ್ಡಿಗೆ ಹೋಗಿ ಹೊಲಿಗೆ ಬಿಚ್ಚುವ ಬ್ಲೇಡು ತಂದ. ಗಿರಾಕಿಗಳಿಗೆ ಮಾದರಿ ಎಂದು ತೋರಿಸುತ್ತಿದ್ದ ತನ್ನದೇ ಕವರಿಗೆ ಬ್ಲೇಡು ಇಟ್ಟು, ಒಂದು ಸಲ ಹೆಂಡತಿಯ ಕಡೆ ನೋಡಿದ.

"ನನ್ನ ಮುಖ ಏನು ನೋಡ್ತೀರಾ? ಕೊಯ್ರಿ."

ಕೊಯ್ದ. ಸಂದಿ ಬಾಯ್ಬಿಟ್ಟಿತು. ಒಳಗೆ ಎರಡು ಕಂಬಿಗಳು, ಒಂದಿಷ್ಟೂ ತುಕ್ಕಿಲ್ಲದೆ, ಹೊಚ್ಚಹೊಸದಾಗಿದ್ದವು.

ಫೋಮನ್ನು ಅವಳೇ ಕಿತ್ತು ಅಂಗಳಕ್ಕೆ ಎಸೆದಳು. ಪಟ್ಟಿಯ ಮೆತ್ತೆಗಳೂ ಹಿಂದೆಯೇ ಹೋದವು. "ಸೀಟಿನ ಜೊತೆ ಬಂದಿರೋದು ಬಿಟ್ಟು ಬೇರೆ ಏನೂ ಸೇರಿಸಬಾರದು" ಎಂದು ತಂಗಿ ಮ್ಯಾನುಯಲ್ ನೋಡಿಕೊಂಡು ಹೇಳುತ್ತಾ ಹೋದಳು. ಸೀಟು ಹಿಂದಿನ ಸಾಲಿನಲ್ಲೇ ಇರಬೇಕು. ಮಗುವಿನ ಮುಖ ಗಾಡಿಯ ಹಿಂಬದಿಗೇ ತಿರುಗಿರಬೇಕು. ಸೀಟಿನ ಮೇಲೆ ಬರೆದಿರುವ ತೂಕ, ಎತ್ತರ ದಾಟುವವರೆಗೂ ಹಾಗೆಯೇ.

ಕೊಕ್ಕೆಗಳನ್ನು ಹೊರಗೆಳೆದು ಕಂಬಿಗೆ ಒತ್ತಿದಾಗ ಟಕ್, ಟಕ್ ಎಂದವು. ಎರಡೂ ಬದಿಯ ಗುರುತು ಕೆಂಪಿನಿಂದ ಹಸಿರಿಗೆ ತಿರುಗಿತು. ಸೀಟಿನ ಮುಂದಿನ ಆಧಾರದ ಕಾಲನ್ನು ಗಾಡಿಯ ನೆಲಕ್ಕೆ ಗಟ್ಟಿಯಾಗಿ ಊರಿದರು. ಮಗುವಿನ ತಲೆ ಎದೆಗೆ ಬಾಗದ ಹಾಗೆ ಒರಗು ಸರಿ ಮಾಡಿದರು.

"ಈಗ ಎಳೀರಿ ಭಾವ."

ಕುಶನ್ ಬುಡ ಹಿಡಿದು ಎಳೆದ. ಸೀಟಿನ ಬದಲು ಕಾರೇ ಅಲುಗಿತು.

ಅತ್ತೆ ಮಗುವನ್ನು ತಂದರು. ತಣ್ಣನೆ ಗಾಳಿಯೆಂದು ಆಗಲೇ ದಪ್ಪ ಸ್ವೆಟರು, ಅದರ ಮೇಲೊಂದು ಕಂಬಳಿ ಸುತ್ತಿ ಮೂಟೆ ಮಾಡಿದ್ದರು.

"ಬಿಚ್ಚಿ ಅಮ್ಮ" ಎಂದಳು ತಂಗಿ. "ದಪ್ಪ ಬಟ್ಟೆ ಮೇಲೆ ಪಟ್ಟಿ ಬಿಗಿದ್ರೆ ಬಿಗಿದ ಹಾಗೆ ಕಾಣುತ್ತೆ, ಒಳಗೆ ಪೂರಾ ಸಡಿಲ. ಪಟ್ಟಿ ಬಿಗಿದ ಮೇಲೆ ಕಂಬಳಿ ಮೇಲಿಂದ ಹೊದಿಸಿ."

"ನಿಮ್ಮಿಬ್ಬರ ಬಾಯಲ್ಲಿ ಇವತ್ತು ನನ್ನ ಕಂಬಳಿಗೂ ಉಳಿಗಾಲ ಇಲ್ಲ" ಎಂದು ಗೊಣಗಿದರೂ ಅತ್ತೆ ಬಿಚ್ಚಿದರು. ಪಟ್ಟಿಗಳು ಮಗುವಿನ ಭುಜದ ಮಟ್ಟದಲ್ಲೋ ಅದಕ್ಕಿಂತ ತುಸು ಕೆಳಗೋ ಹೊರಬರುವಂತೆ ಇಟ್ಟು, ಎಳೆದು ಬಿಗಿದದ್ದಾಯಿತು. ಹೆಗಲ ಮೂಳೆಯ ಹತ್ತಿರ ಪಟ್ಟಿಯನ್ನು ಚಿವುಟಿ ನೋಡು ಎಂದು ತಂಗಿ ತೋರಿಸಿದಳು. ಚಿವುಟಲು ಬಟ್ಟೆ ಬೆರಳಿಗೆ ಸಿಗಲಿಲ್ಲ. ಸಿಕ್ಕಿದ್ದರೆ ಇನ್ನೂ ಸಡಿಲವಿದೆ ಎಂದೇ ಅರ್ಥ.

ಅತ್ತೆ ಬಾಗಿ, ತಮ್ಮದೇ ಬೆರಳಿನಿಂದ ಇನ್ನೊಮ್ಮೆ ಚಿವುಟಿ ನೋಡಿದರು. "ಬೆಳಗ್ಗೆ ಇವನು ಕೂರಿಸಿದ ಮೇಲೆ ನಾನೂ ಒಂದು ಸಲ ನೋಡಿಯೇ ಕಳಿಸ್ತೀನಿ. ಇವನನ್ನ ನಂಬೋ ಹಾಗಿಲ್ಲ" ಎಂದರು.

ಎಲ್ಲರೂ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಅವಳ ಕಣ್ಣು ಶೆಡ್ಡಿನ ಮುಂದೆ ಡೆಲಿವರಿಗೆ ಸಿದ್ಧವಾಗಿ ನಿಂತಿದ್ದ ಗಿರಾಕಿಯ ಕಾರಿನ ಮೇಲಿತ್ತು. ಹೊಚ್ಚಹೊಸ ಕವರು. ಸಂದಿಯೇ ಇಲ್ಲ.

"ಇಂಥವು ಎಷ್ಟು ಹೊಲಿದಿದ್ದೀರಿ?"

ಕುಶನ್ ಮುಖ ಬಿಳಿಚಿಕೊಂಡಿತು. ಆ ಯೋಚನೆ ಅವನಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

"ಅವರ ಮನೇಲೂ ಕೂಸುಗಳಿವೆ" ಎಂದಳು ಅವಳು. ಈ ಸಲ ಕೂಗಲಿಲ್ಲ.

ಅವನು ಶೆಡ್ಡಿನ ಸ್ಟೂಲಿನ ಮೇಲೆ ಕೂತು ಫೋನು ತೆಗೆದ. ಒಬ್ಬೊಬ್ಬರಿಗೂ ಅದೇ ಮಾತು: "ಗಾಡಿ ತನ್ನಿ, ತಪ್ಪು ನನ್ನದು, ಕವರಿಗೆ ಎರಡು ಬಾಯಿ ಬಿಡಬೇಕು, ದುಡ್ಡು ಬೇಡ." ಕೆಲವರು ಬೈದರು. ಕೆಲವರು ಆಗಲಿ ಎಂದರು. ಒಬ್ಬ ಮಾತ್ರ, "ಬಾಯಿ ಬಿಟ್ರೆ ಬಿಸ್ಕತ್ತಿನ ಚೂರು ಒಳಗೆ ಬೀಳಲ್ವೇನ್ರೀ?" ಎಂದು ರಾಗ ಎಳೆದ.

"ಬೀಳಲಿ ಸ್ವಾಮಿ!" ಎಂದು ಕುಶನ್ ಗದರಿದ. ಗಿರಾಕಿಯ ಮೇಲೆ ಅವನು ದನಿಯೇರಿಸಿದ್ದು ಅದೇ ಮೊದಲು. "ಚೂರು ಬಿದ್ರೆ ಗುಡಿಸಬಹುದು. ನಾಳೆ ಬರ್ತೀರೋ, ನಾನೇ ನಿಮ್ಮ ಮನೆಗೆ ಬರಲೋ?"

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಇದೇ ಮಾತು. ಮಕ್ಕಳ ಸೀಟು ಕೊಂಡುಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಎದ್ದು ಹೋಗಿ ನಿಮ್ಮ ಗಾಡಿಯ ಬಾಗಿಲು ತೆಗೆಯಿರಿ. ಸೀಟಿನ ಬುಡ ಹಿಡಿದು ಎಳೆಯಿರಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಅದು ಸೀಟಲ್ಲ, ಅಪಾಯ. ಗಾಡಿಯಲ್ಲಿ ಕಂಬಿಗಳಿದ್ದರೆ ಕೊಕ್ಕೆ ಹಾಕಿ. ಇಲ್ಲದಿದ್ದರೆ ಕಾರಿನ ಬೆಲ್ಟೇ ಸಾಕು, ಆದರೆ ಮ್ಯಾನುಯಲ್ ತೋರಿಸಿದ ದಾರಿಯಲ್ಲೇ ಹಾಯಿಸಿ, ಸೀಟನ್ನು ಬಲವಾಗಿ ಒತ್ತಿ ಹಿಡಿದು ಬಿಗಿಯಿರಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಕೂಸಿನ ಸೀಟನ್ನು ಯಾವತ್ತೂ ಇಡಬೇಡಿ. ಅಪಘಾತ ಕಂಡ ಹಳೆಯ ಸೀಟನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡವೆನ್ನಿ. ಇಲ್ಲೇ ಪಕ್ಕದ ಬೀದಿಗೆ ತಾನೇ ಎಂದು ಮಗುವನ್ನು ತೊಡೆಗೆ ಎತ್ತಿಕೊಳ್ಳಬೇಡಿ. ಆ ಸೈಕಲ್ಲು ಅಡ್ಡ ಬಂದದ್ದೂ ಪಕ್ಕದ ಬೀದಿಯಲ್ಲೇ. ಅರ್ಥವಾಗದಿದ್ದರೆ ಕೇಳಿ. ಕೇಳುವುದಕ್ಕೆ ನಾಚಿಕೆಪಟ್ಟರೆ ಅದರ ಬೆಲೆ ತೆರುವುದು ನೀವಲ್ಲ, ಹಿಂದೆ ಒಂಟಿಯಾಗಿ ಕೂತ ಮಗು.

ಸೋಮವಾರ ಬೆಳಗ್ಗೆ ಅವಳು ಒಲೆಯ ಮುಂದಿದ್ದಾಗ ಅವನು ಮಗುವನ್ನು ಕೂರಿಸಿ, ಪಟ್ಟಿ ಚಿವುಟಿ ನೋಡಿ, ಬುಡ ಹಿಡಿದು ಎಳೆದು, ಆಮೇಲೆ ಗಾಡಿ ತೆಗೆದ. ಅಲುಗದ ಹಾಗೆ ಕೂರಿಸುತ್ತೇನೆಂದು ಕೊಟ್ಟ ಮಾತನ್ನು ಅವನು ಏಳು ತಿಂಗಳು ಮುರಿದಿದ್ದ. ಅವತ್ತು ಉಳಿಸಿಕೊಂಡ.