ಕೊಳಾಯಿಯ ಮುಂದೆ ಹೇಳಿದ ಸಾಕ್ಷಿ

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಚರ್ಚಿನ ವನಿತಾಳ ಬಾಯಿಗೆ ಎದುರಿಲ್ಲ ಅನ್ನುತ್ತಾರೆ. ಅದಕ್ಕೇ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಮನೆಮನೆಗೆ ಸುವಾರ್ತೆ ಸಾರುವ ಕೆಲಸಕ್ಕೆ ಹೆಂಗಸರ ಕೂಟದಿಂದ ನನ್ನನ್ನೇ ಆರಿಸಿದರು. ದೇವರು ಕೊಟ್ಟ ಬಾಯಿ, ದೇವರಿಗೇ ದುಡಿಯಲಿ ಬಿಡಿ ಅಂದೆ.

ಅದೇ ಬಾಯಿ ಎಡವಟ್ಟು ಮಾಡಿತು. ಚರ್ಚಿನ ಸುಗ್ಗಿ ಹಬ್ಬದ ಮರುದಿನ ನನ್ನ ಹಿತ್ತಾಳೆ ಬಿಂದಿಗೆ ಕಾಣಲಿಲ್ಲ. ಹಿಂದಿನ ಸಂಜೆ ಎದುರುಮನೆಯ ಮಲ್ಲಾಜಮ್ಮ ನಮ್ಮ ಹಿತ್ತಿಲಿಗೆ ಕರಿಬೇವು ಕೀಳಲು ಬಂದಿದ್ದಳು. ಇನ್ನೇನು ಬೇಕು ನನಗೆ! ಕೊಳಾಯಿ ಹತ್ತಿರ ಹತ್ತು ಹೆಂಗಸರ ಮುಂದೆ, "ಕರಿಬೇವು ಕೀಳಾಕೆ ಬಂದೋಳ್ಗೆ ಬಿಂದಿಗೆ ಭಾರ ಆಗ್ಲಿಲ್ವಾ?" ಅಂದುಬಿಟ್ಟೆ. ಪಾಪ, ಅವಳು ನೀರೂ ಹಿಡಿಯದೆ ಅಳುತ್ತ ಹೋದಳು.

ಹದಿನೈದು ದಿನದ ಮೇಲೆ ಚರ್ಚಿನ ಅಡುಗೆಕೋಣೆ ಗುಡಿಸುವಾಗ ಬಿಂದಿಗೆ ಸಿಕ್ಕಿತು. ಸುಗ್ಗಿ ಹಬ್ಬದ ಹರಾಜಿಗೆಂದು ಒಬ್ಬರು ಕುಂಬಳಕಾಯಿ, ಒಬ್ಬರು ಕೋಳಿ, ಹೀಗೆ ಎಲ್ಲರೂ ಕಾಣಿಕೆ ತರುತ್ತೇವೆ. ನಾನು ಹುರುಳಿಯನ್ನು ಆ ಬಿಂದಿಗೆಯಲ್ಲೇ ತುಂಬಿ ತಂದು, ಕಾಳು ಸುರಿದು, ಬರಿಗೈಲಿ ಮನೆಗೆ ಹೋಗಿದ್ದೆ. ಥೂ, ನನ್ನ ಬುದ್ಧಿಗಿಷ್ಟು!

ಜೊತೆಗಿದ್ದ ಕೂಟದ ಮೂಗಮ್ಮ ಪಿಸುಗುಟ್ಟಿದಳು. "ಸುಮ್ಕಿರು ಕಣಮ್ಮಿ. ಈಗ ಹೇಳುದ್ರೆ ಬೀದಿಯೋರು ಚರ್ಚನ್ನೇ ಆಡ್ಕೊಂಡು ನಗ್ತಾರೆ. ಆಮೇಲೆ ಸುವಾರ್ತೆಗೆ ಯಾರು ಬಾಗ್ಲು ತಗೀತಾರೆ?"

"ಹೇಳ್ದಿದ್ರೆ ಆ ಬಾಗ್ಲಲ್ಲಿ ನಿಂತ್ಕೊಂಡು ಯೇಸಪ್ಪನ ಹೆಸರು ಹೆಂಗೆ ಎತ್ಲಿ ನಾನು?" ಎಂದು ರೇಗಿದೆ. ಸಿಟ್ಟು ಅವಳ ಮೇಲಲ್ಲ, ನನ್ನ ಮೇಲೆ. ಎಲ್ಲಿ ಮಲ್ಲಾಜಮ್ಮನ ಮಾನ ಕಳೆದೆನೋ ಅಲ್ಲೇ ಹಿಂದಿರುಗಿಸಬೇಕು, ಮಾತೇ ಇಲ್ಲ.

ಮರುದಿನ ಬೆಳಿಗ್ಗೆ ಕೊಳಾಯಿಯ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಮಲ್ಲಾಜಕ್ಕ, ಬಿಂದಿಗೆ ನಾನೇ ಚರ್ಚಲ್ಲಿ ಮರ್ತು ಬಂದಿದ್ದೆ. ನಿನ್ ಮ್ಯಾಲೆ ಸುಳ್ಳು ಹೊರಿಸ್ಬುಟ್ಟೆ. ತಪ್ಪಾಯ್ತು."

"ಚೆಂದಾಗದೆ ನಿಮ್ ಭಕ್ತಿ!" ಎಂದು ಯಾರೋ ನಕ್ಕರು. ಉರಿದುಹೋಯಿತು, ಆದರೂ ತಡೆದುಕೊಂಡೆ.

ಮಲ್ಲಾಜಮ್ಮ ನಗಲಿಲ್ಲ. "ಬೀದಿಯೋರು ನಾಕ್ ದಿನುಕ್ಕೆ ಮರ್ತೋಯ್ತಾರೆ. ನನ್ ಸೊಸೆ ಮರೀತಾಳಾ? ಅವತ್ತಿಂದ ಬೀರುಗೆ ಬೀಗ ಆಕಿ, ಕೀ ಸೊಂಟುಕ್ಕೆ ಸಿಗಿಸ್ಕೊಂಡು ಓಡಾಡ್ತಾವ್ಳೆ. ನನ್ ಮನೇಲೇ ನಾನು ಕಳ್ಳಿ ಆಗ್ಬುಟ್ಟೆ."

ಇಂಥದ್ದು ನಡೆದಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ಕೊಡವನ್ನು ಸಾಲಿನಲ್ಲೇ ಬಿಟ್ಟು ಅವಳ ಕೈ ಹಿಡಿದೆ. "ನಡಿಯಕ್ಕ, ಈಗ್ಲೇ ಓಗನ."

ಸೊಸೆ ಮಂಗಳಗೌರಿ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದಳು. ಹೊಸಿಲಾಚೆ ನಿಂತೇ ಒಂದಕ್ಷರ ಬಿಡದೆ ಎಲ್ಲ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. ಎದ್ದು ಬಂದು ಸೊಂಟದ ಕೀ ತೆಗೆದು ಅತ್ತೆಯ ಕೈಗಿಟ್ಟು, "ತಪ್ಪಾಯ್ತತ್ತೆ" ಅಂದಳು.

ಮಲ್ಲಾಜಮ್ಮ ಅದನ್ನು ಸೊಸೆಯ ಕೈಗೇ ವಾಪಸ್ಸು ತುರುಕಿದಳು. "ನೀನೇ ಮಡಿಕೊ. ನನ್ನ ಕಳ್ಳಿ ಅನ್ಕೊಂಡು ಬೀಗ ಮಾತ್ರ ಆಕ್ಬೇಡ."

ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು.

"ಅಲ್ಲೇ ಯಾಕ್ ನಿಂತಿದ್ದಿಯೆ? ಒಳೀಕ್ ಬಾ, ಕೂತ್ಕೊ. ಅಷ್ಟು ಜನದ ಮುಂದೆ ನಿನ್ ಕೈಲಿ ತಪ್ಪಾಯ್ತು ಅನ್ನಿಸ್ದನಲ್ಲ ನಿನ್ ದೇವ್ರು, ಅವನ್ಯಾರು ಅಂತ ಹೇಳು. ಕೇಳ್ತೀನಿ."