ಬಾಯಿ ತೆರೆಯದ ಹಾಡುಗಾರ

ಹೊರರಾಜ್ಯದ ಕಾರ್ಖಾನೆ ಪ್ರದೇಶವಾದ ನರೋಡಾದಲ್ಲಿ ತನ್ನ ಮನೆಯವರ ಉಡುಪಿ ಹೋಟೆಲಿನ ಅಡುಗೆಮನೆ ಪಕ್ಕದಲ್ಲಿ ಹೃಷಿಕೇಶ ದಿನವೂ ಗಿಟಾರು ಬಾರಿಸುತ್ತಿದ್ದ. ಅಮೆರಿಕದ ದಕ್ಷಿಣದ ರಾಕ್, ಅಲ್ಲಿಯ ಪುಂಡ ಹಾಡುಗಾರರ ಕಂಟ್ರಿ, ತಲೆ ತಿರುಗಿಸುವ ಬ್ಲೂಸ್ ಈ ಮೂರು ಬಗೆಯ ಸಂಗೀತವನ್ನೂ ಕಲಸಿ, ತಂತಿಯ ಮೇಲೆ ಸ್ಟೀಲ್ ಲೋಟ ಜಾರಿಸುತ್ತ, ಕಾರ್ಖಾನೆಯ ಹೊಗೆ ಕುಡಿಯುವವರ ಬಗ್ಗೆ ಕನ್ನಡದಲ್ಲೇ ಹಾಡು ಕಟ್ಟಿದ್ದ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅದು ಕೇಳಿಸಲೇಬೇಕೆಂಬುದು ಅವನ ಹಟ.

ಸಂಘದ ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪ ಬೆವರಿದರು. "ತಮ್ಮಾ, ಇವತ್ತ ಊಟ ಹಾಕಸೋ ಫ್ಯಾಕ್ಟರಿ ಮಾಲಕರು ಕನ್ನಡದವ್ರೇ, ಎಲ್ಲಾ ತಿಳೀತದ. ಬರೇ ಬಾರಿಸು, ಹಾಡಬ್ಯಾಡ."

"ಆಯ್ತು ಮಾರಾಯ್ರೆ, ನಾನು ಬಾಯಿ ತೆರೆಯುದಿಲ್ಲ."

ಮಾತಿಗೆ ತಪ್ಪದೆ ಹೃಷಿಕೇಶ ವೇದಿಕೆಯ ಮೇಲೆ ತುಟಿ ಬಿಗಿದು ಲೋಟ ಜಾರಿಸಿದ. ಮಾಲಕರು ತಲೆದೂಗಿದರು. ಆದರೆ ಬಡಿಸಲು ಸಭೆಯ ಹಿಂದೆ ಕಾದಿದ್ದವರು ಅದೇ ಹೋಟೆಲಿನ ಅಡುಗೆಯವರೆಂಬುದನ್ನು ಕಾರ್ಯದರ್ಶಿ ಮರೆತಿದ್ದರು. ದಿನವೂ ಕೇಳಿ ಬಾಯಿಪಾಠವಾಗಿದ್ದ ಸಾಲು ಅಲ್ಲಿಂದ ಎದ್ದಿತು:

"ಲಾಭ ನಿಮ್ಮ ಜೇಬಿಗೆ, ಹೊಗೆ ನಮ್ಮ ಎದೆಗೆ!"

"ಏ, ನಿಲ್ಲಸ್ರೋ!" ಎಂದು ಕಾರ್ಯದರ್ಶಿ ಓಡಿದರು.

ಸೌಟಿನಲ್ಲಿ ತಾಳ ಹಾಕುತ್ತಿದ್ದ ಭಟ್ಟರು ತಿರುಗಿದರು. "ಹಾಡು ನಿಂತ್ರೆ ಬಡಿಸುದೂ ನಿಲ್ತದೆ, ಸಾರ್."

ಸಭೆ ಹಸಿದಿತ್ತು. ಎರಡನೇ ಚರಣಕ್ಕೆ ಮುಂದಿನ ಸಾಲಿನವರೂ ದನಿಗೂಡಿಸಿದರು. ಹೃಷಿಕೇಶ ಮಾತ್ರ ಕೊನೆಯವರೆಗೂ ಬಾಯಿ ತೆರೆಯಲಿಲ್ಲ.